ಆಯಿಲ್ ಇಲ್ಲ ಅಂದಮೇಲೆ ವಾರಂಟಿಯೂ ಇಲ್ಲವೇ?

ದಾವಣಗೆರೆ: ಮಂಡಿಪೇಟೆಯ ಕಿರಾಣಿ ವರ್ತಕರೊಬ್ಬರು ಹೋದ ಮದುವೆ ಸೀಜನ್ನಿನಲ್ಲಿ ಹೆಂಡತಿ ಮಕ್ಕಳ ಸಮೇತ ಶಿವಮೊಗ್ಗಕ್ಕೆ ಹೊರಟಿದ್ದರು. ಕಾರು ಕೊಂಡು ಒಂದೂವರೆ ವರ್ಷ. ಓಡಿದ್ದು 24 ಸಾವಿರ ಕಿಲೋಮೀಟರು. ಎರಡು ಸರ್ವೀಸನ್ನೂ ಕಂಪನಿ ಷೋರೂಮಿನಲ್ಲೇ ಮಾಡಿಸಿದ್ದರು. ಒಂದು ರಸೀದಿಯೂ ತಪ್ಪಿಸಿಲ್ಲ.

ಹೊನ್ನಾಳಿ ಇನ್ನೂ ನಾಲ್ಕೈದು ಕಿಲೋಮೀಟರು ಇದೆ ಅನ್ನುವಾಗ ಎದುರಿನ ಬೋರ್ಡಿನಲ್ಲಿ ಎಣ್ಣೆ ಗಿಂಡಿಯಂಥ ಚಿತ್ರವೊಂದು ಕೆಂಪಗೆ ಮಿನುಗಿತು. ತಿರುವಿನಲ್ಲಿ ಹತ್ತಿತು, ನೇರ ರಸ್ತೆಯಲ್ಲಿ ಆರಿತು. 'ಊರು ಬಂತಲ್ಲ, ಅಲ್ಲೇ ತೋರಿಸಿದರಾಯ್ತು' ಎಂದು ಗಾಡಿ ಓಡಿಸಿದರು. ಊರು ಬರಲಿಲ್ಲ. ಎಂಜಿನ್ನಿನಲ್ಲಿ ಕಟಕಟ ಸದ್ದು ಬಂತು. ಗಾಡಿ ನಿಂತಿತು. ಅಷ್ಟೇ.

ಮದುವೆಯವರು ಅಕ್ಕಿಕಾಳು ಹಾಕುವ ಹೊತ್ತಿಗೆ ಇವರು ರಸ್ತೆ ಪಕ್ಕ ಟೋಯಿಂಗ್ ಗಾಡಿ ಕಾಯುತ್ತಿದ್ದರು.

ಷೋರೂಮಿನವರು ಗಾಡಿ ಎತ್ತಿ ಆಯಿಲ್ ಇಳಿಸಿದರು. ಮೂರೂವರೆ ಲೀಟರು ಇರಬೇಕಾದ ಕಡೆ ಒಂದು ಲೀಟರೂ ಸಿಗಲಿಲ್ಲ. ಎಂಜಿನ್ ಸೀಜ್. ಖರ್ಚು ಒಂದೂಕಾಲು ಲಕ್ಷದ ಮೇಲೆ ಎಂದರು. 'ವಾರಂಟಿ ಐತಲ್ರಿ?' ಎಂದು ವರ್ತಕರು ಕೇಳಿದರು. 'ಆಯಿಲ್ ನೋಡಿಕೊಳ್ಳೋದು ಓನರ್ ಜವಾಬ್ದಾರಿ ಸಾರ್. ಆಯಿಲ್ ಇಲ್ಲದೆ ಓಡಿಸಿದ್ರೆ ವಾರಂಟಿ ಬರಲ್ಲ' ಎಂಬ ಉತ್ತರ ಬಂತು.

ವರ್ತಕರಿಗೆ ಸಿಟ್ಟು ನೆತ್ತಿಗೇರಿತು. 'ಎರಡೂವರೆ ಲೀಟರ್ ಆಯಿಲ್ ನಾನೇನ್ ಕುಡ್ದೀನೇನ್ರಿ?'

ಕೌಂಟರಿನಲ್ಲಿದ್ದ ಹುಡುಗ ನಕ್ಕ. ಆದರೆ ಇದು ನಗುವ ಪ್ರಶ್ನೆಯಲ್ಲ. ಇಡೀ ಜಗಳದ ತಿರುಳೇ ಇದು. ಆಯಿಲ್ ಇರಲಿಲ್ಲ ಎಂಬುದು ಎಲ್ಲರಿಗೂ ಕಂಡಿದೆ. ಹೋದದ್ದು ಎಲ್ಲಿಗೆ?

ಒಂದೇ ಖಾಲಿ ಚೇಂಬರು, ನಾಲ್ವರು ಆರೋಪಿಗಳು

ಎಂಜಿನ್ನಿನ ಕೆಳಗಿನ ಆಯಿಲ್ ಚೇಂಬರು ಖಾಲಿಯಾಗಲು ನಾಲ್ಕು ದಾರಿಗಳಿವೆ. ಒಂದೊಂದು ದಾರಿಗೂ ಒಬ್ಬೊಬ್ಬ ಹೊಣೆಗಾರ.

ಮೊದಲನೆಯದು ಮಾಲೀಕನ ಉದಾಸೀನ. ಸರ್ವೀಸಿನ ಗಡುವು ಮೀರಿದೆ, ಆಯಿಲ್ ಬದಲಿಸಿಲ್ಲ, ಬಾನೆಟ್ ಎತ್ತಿಯೂ ನೋಡಿಲ್ಲ. ಇಲ್ಲಿ ಕಂಪನಿ ಇಲ್ಲ ಅಂದರೆ ಕೇಳುವ ಬಾಯಿಯೇ ಇರುವುದಿಲ್ಲ.

ಎರಡನೆಯದು ಸರ್ವೀಸ್ ಮಾಡಿದವರ ಕೈತಪ್ಪು. ಚೇಂಬರಿನ ಬೋಲ್ಟು ಸರಿಯಾಗಿ ಬಿಗಿಯಾಗಿಲ್ಲ, ಫಿಲ್ಟರಿನ ರಬ್ಬರು ಸರಿಯಾಗಿ ಕೂತಿಲ್ಲ, ಇಲ್ಲವೇ ಹಾಕಬೇಕಾದಷ್ಟು ಆಯಿಲನ್ನೇ ಹಾಕಿಲ್ಲ. ಇದರ ಹೊಣೆ ವರ್ಕ್‌ಷಾಪಿನದು.

ಮೂರನೆಯದು ತಯಾರಿಕೆಯ ದೋಷ. ಪಿಸ್ಟನ್ ರಿಂಗು ಅಥವಾ ವಾಲ್ವಿನ ಸೀಲು ಸರಿಯಿಲ್ಲದಿದ್ದರೆ ಆಯಿಲು ಪೆಟ್ರೋಲಿನ ಜೊತೆ ಸುಟ್ಟು ಸೈಲೆನ್ಸರಿನಿಂದ ಹೊಗೆಯಾಗಿ ಹೋಗುತ್ತದೆ. ನೆಲದ ಮೇಲೆ ಒಂದು ಹನಿಯೂ ಬೀಳುವುದಿಲ್ಲ. ವಾರಂಟಿ ಅನ್ನುವುದು ಇರುವುದೇ ಇಂಥದಕ್ಕೆ.

ನಾಲ್ಕನೆಯದು ನಮ್ಮ ರಸ್ತೆಗಳ ಕೃಪೆ. ಬಣ್ಣವಿಲ್ಲದ ಹಂಪು, ಹಳ್ಳಿ ದಾರಿಯ ಕಲ್ಲು. ಚೇಂಬರಿಗೆ ಏಟು ಬಿದ್ದು ಸೀಳಿದರೆ ಆಯಿಲು ದಾರಿಗೆ ಚೆಲ್ಲುತ್ತದೆ. ಇದು ವಾರಂಟಿಗೆ ಬರುವುದಿಲ್ಲ, ಇನ್ಷೂರೆನ್ಸಿಗೆ ಬರುತ್ತದೆ.

ಅಲ್ಲೂ ಒಂದು ಕೊಕ್ಕೆ ಇದೆ. ಒಡೆದ ಚೇಂಬರಿನ ದುಡ್ಡು ಕೊಡುತ್ತೇವೆ, ಆಮೇಲೆ ಗಾಡಿ ಓಡಿಸಿ ಎಂಜಿನ್ ಸೀಜ್ ಮಾಡಿಕೊಂಡದ್ದು ನಿಮ್ಮದೇ ಎಂದು ವಿಮೆಯವರು ಕೈ ಎತ್ತುತ್ತಾರೆ. ಸಾಮಾನ್ಯ ಪಾಲಿಸಿಯಲ್ಲಿ ಮೊದಲ ಏಟಿನ ಬೆನ್ನಿಗೆ ಬರುವ ನಷ್ಟವನ್ನು ಹೊರಗಿಟ್ಟಿರುತ್ತಾರೆ. ಅದಕ್ಕೆಂದೇ 'ಎಂಜಿನ್ ಪ್ರೊಟೆಕ್ಟ್' ಎಂಬ ಹೆಚ್ಚುವರಿ ಕವರು ಮಾರುತ್ತಾರೆ. ಪಾಲಿಸಿಯ ಸಣ್ಣಕ್ಷರ ಓದಿದವರಿಗೆ ಇದು ಗೊತ್ತು. ಓದಿದವರು ಎಷ್ಟು ಮಂದಿ?

ಈಗ ವಿಷಯಕ್ಕೆ ಬನ್ನಿ. ಚೇಂಬರು ಖಾಲಿ ಎಂದ ಮಾತ್ರಕ್ಕೆ ಷೋರೂಮಿನವರು ಬೆರಳು ತೋರಿಸುವುದು ಮೊದಲನೇ ಆರೋಪಿಯ ಕಡೆಗೆ ಮಾತ್ರ. ಉಳಿದ ಮೂವರ ವಿಚಾರಣೆ ನಡೆಯುವುದೇ ಇಲ್ಲ. ನಡೆಸಬೇಕಾದವರು ಎರಡನೇ ಆರೋಪಿಯೇ ಆಗಿದ್ದರೆ ಹೇಗೆ ನಡೆದೀತು, ಹೇಳಿ!

ಪುಸ್ತಕದ ಲೆಕ್ಕ, ಸ್ಟಿಕ್ಕರಿನ ಲೆಕ್ಕ

ಕಾರಿನ ಜೊತೆ ಕೊಡುವ ಪುಸ್ತಕದಲ್ಲಿ ಒಂದು ಸಾಲು ಇರುತ್ತದೆ. ಎಂಜಿನ್ ಓಡುವಾಗ ಸ್ವಲ್ಪ ಆಯಿಲ್ ಖರ್ಚಾಗುವುದು ಸಹಜ, ಮಾಲೀಕರು ಆಗಾಗ ನೋಡಿಕೊಳ್ಳಬೇಕು ಎಂದು. ಸ್ವಲ್ಪ ಅಂದರೆ ಎಷ್ಟು? ಸಾವಿರ ಕಿಲೋಮೀಟರಿಗೆ ಒಂದು ಲೀಟರಿನವರೆಗೂ ಸಹಜ ಎಂದು ಬರೆಯುವ ಕಂಪನಿಗಳಿವೆ.

ವ್ಯಾಪಾರಸ್ಥರು ಸ್ವಲ್ಪ ಲೆಕ್ಕ ಹಾಕಿ. ಮೂರೂವರೆ ಲೀಟರಿನ ಎಂಜಿನ್ನು ಆ ಲೆಕ್ಕದಲ್ಲಿ ಕುಡಿದರೆ ಮೂರೂವರೆ ಸಾವಿರ ಕಿಲೋಮೀಟರಿಗೆ ಪೂರ್ತಿ ಒಣಗುತ್ತದೆ. ಆದರೆ ಬಾಗಿಲ ಸಂದಿಗೆ ಅಂಟಿಸುವ ಸ್ಟಿಕ್ಕರಿನಲ್ಲಿ ಮುಂದಿನ ಸರ್ವೀಸು ಹತ್ತು ಸಾವಿರಕ್ಕೆ! ಸ್ಟಿಕ್ಕರ್ ನಂಬಿ ಕೂತವನ ಗತಿ ಏನು? ಮಂಡಿಪೇಟೆಯವರ ಗತಿಯೇ.

ಇನ್ನೊಂದು ತಪ್ಪು ತಿಳಿವಳಿಕೆ ಆ ಕೆಂಪು ದೀಪದ್ದು. ಆಯಿಲ್ ಕಮ್ಮಿಯಾದಾಗ ಹತ್ತುವ ದೀಪ ಎಂದೇ ಬಹಳ ಜನ ತಿಳಿದಿದ್ದಾರೆ. ಆ ದೀಪ ಹೇಳುವುದು ಆಯಿಲಿನ ಅಳತೆಯನ್ನಲ್ಲ, ಒತ್ತಡವನ್ನು. ಅದು ಹತ್ತಿದರೆ ಪಂಪಿಗೆ ಎಳೆಯಲು ಆಯಿಲು ಸಿಗುತ್ತಿಲ್ಲ, ಇಲ್ಲವೇ ಪಂಪೇ ಕೆಟ್ಟಿದೆ ಎಂದರ್ಥ. ತಿರುವಿನಲ್ಲಿ ಮಿನುಗುವುದು ಏಕೆಂದರೆ ತಳದಲ್ಲಿ ಉಳಿದ ಚೂರು ಆಯಿಲು ಒಂದು ಕಡೆ ಸರಿದು ಪಂಪಿನ ಬಾಯಿ ಗಾಳಿಗೆ ತೆರೆದುಕೊಳ್ಳುತ್ತದೆ. ಕ್ರ್ಯಾಂಕ್ ಬೇರಿಂಗಿಗೆ ಆಯಿಲು ತಪ್ಪಿದರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ, ಕಾದು, ಹಿಡಿದುಕೊಳ್ಳುತ್ತದೆ. ಇದಕ್ಕೆ ಗಂಟೆಗಟ್ಟಲೆ ಬೇಡ, ನಿಮಿಷಗಳು ಸಾಕು.

ಆದ್ದರಿಂದ ಕೆಂಪು ದೀಪ ಹತ್ತಿತೋ, ಅಲ್ಲೇ ಪಕ್ಕಕ್ಕೆ ತೆಗೆದು ಎಂಜಿನ್ ಆರಿಸಬೇಕು. ಮದುವೆ ಮನೆ ಕಣ್ಣಳತೆಯಲ್ಲಿದ್ದರೂ ಸರಿಯೇ. ಮಂಡಿಪೇಟೆಯವರು ಓಡಿಸಿದ ಆ ನಾಲ್ಕು ಕಿಲೋಮೀಟರೇ ಇವತ್ತು ಅವರ ಕೇಸಿನ ದೊಡ್ಡ ತೂತು. ಕಂಪನಿಯವರು ಅದನ್ನೇ ಹಿಡಿದು ಎಳೆಯುತ್ತಿದ್ದಾರೆ.

ಎಣ್ಣೆ, ನೀರು, ಗಾಳಿ

ಅಂಬಾಸಿಡರ್ ಕಾಲದ ಡ್ರೈವರುಗಳಿಗೆ ಒಂದು ಮಂತ್ರವಿತ್ತು. ಬೆಳಿಗ್ಗೆ ಎದ್ದು 'ಎಣ್ಣೆ, ನೀರು, ಗಾಳಿ' ನೋಡದೆ ಗಾಡಿ ತೆಗೆಯುತ್ತಿರಲಿಲ್ಲ. 2014ರಲ್ಲಿ ಅಂಬಾಸಿಡರ್ ತಯಾರಿ ನಿಂತಿತು. ಅದರ ಜೊತೆ ಮಂತ್ರವೂ ನಿಂತಂತಿದೆ. ಹೊಸ ಕಾರು ಕೊಂಡವರಿಗೆ ಬಾನೆಟ್ ಎತ್ತುವ ಲಿವರು ಎಲ್ಲಿದೆ ಎಂಬುದೇ ಗೊತ್ತಿಲ್ಲ. ದೋಸೆಗೆ ಬೆಣ್ಣೆ ಎಷ್ಟು ಬಿತ್ತು ಎಂದು ಕಣ್ಣಿಟ್ಟು ನೋಡುವ ಈ ಊರಲ್ಲಿ ಎಂಜಿನ್ನಿಗೆ ಎಣ್ಣೆ ಎಷ್ಟಿದೆ ಎಂದು ನೋಡುವವರಿಲ್ಲ!

ನೋಡುವುದೇನೂ ಬ್ರಹ್ಮವಿದ್ಯೆಯಲ್ಲ. ಗಾಡಿ ಸಮತಟ್ಟು ನೆಲದ ಮೇಲಿರಲಿ. ಎಂಜಿನ್ ಆರಿಸಿ ಐದು ನಿಮಿಷ ಬಿಡಿ. ಆಯಿಲ್ ನೋಡುವ ಕಡ್ಡಿ ಎಳೆದು ಬಟ್ಟೆಯಲ್ಲಿ ಒರೆಸಿ, ಮತ್ತೆ ಪೂರ್ತಿ ಒಳಗೆ ಇಳಿಸಿ, ಮತ್ತೆ ಎಳೆಯಿರಿ. ತುದಿಯಲ್ಲಿ ಎರಡು ಗುರುತು ಇರುತ್ತವೆ. ಆಯಿಲಿನ ಗೆರೆ ಎರಡರ ನಡುವೆ ಇದ್ದರೆ ಚಿಂತೆಯಿಲ್ಲ. ಕೆಳಗಿನ ಗುರುತಿಗೆ ಹತ್ತಿರ ಬಂದರೆ ಪುಸ್ತಕದಲ್ಲಿ ಹೇಳಿದ ನಂಬರಿನ ಆಯಿಲನ್ನೇ ಹಾಕಿಸಿ. ಮೇಲಿನ ಗುರುತು ದಾಟಿಸಬೇಡಿ, ಹೆಚ್ಚಾದರೂ ನೊರೆ ಬಂದು ಎಂಜಿನ್ ಕೆಡುತ್ತದೆ.

ಹದಿನೈದು ದಿನಕ್ಕೊಮ್ಮೆ ನೋಡಿದರೆ ಸಾಕು. ದೂರದ ಪಯಣಕ್ಕೆ ಮೊದಲು, ಸರ್ವೀಸಿನಿಂದ ಗಾಡಿ ಬಿಡಿಸಿಕೊಂಡ ದಿನ ಅಲ್ಲೇ ಷೋರೂಮಿನ ಅಂಗಳದಲ್ಲಿ ತಪ್ಪದೆ ನೋಡಿ. ಸರ್ವೀಸ್ ಬಿಲ್ಲಿನಲ್ಲಿ ಎಷ್ಟು ಲೀಟರು ಆಯಿಲು ಎಂದು ಬರೆದಿದೆಯೇ ನೋಡಿ. ಎರಡು ಸಲ ನೋಡಿದಾಗಲೂ ಆಯಿಲು ಇಳಿದಿದ್ದರೆ ಬಾಯಲ್ಲಿ ಹೇಳಿ ಸುಮ್ಮನಾಗಬೇಡಿ. 'ಆಯಿಲ್ ಕಮ್ಮಿಯಾಗುತ್ತಿದೆ' ಎಂದು ಜಾಬ್ ಕಾರ್ಡಿನಲ್ಲಿ ಬರೆಸಿ, ಒಂದು ಪ್ರತಿ ಇಸ್ಕೊಳ್ಳಿ. ನಾಳೆ ಎಂಜಿನ್ ಹೋದರೆ ಆ ಒಂದು ಸಾಲಿಗೆ ಲಕ್ಷ ರೂಪಾಯಿ ಬೆಲೆ.

ಎಂಜಿನ್ ಹೋದಮೇಲೆ

ಎಂಜಿನ್ ಸೀಜ್ ಆಗಿಯೇಬಿಟ್ಟರೆ ಮೊದಲು ಮಾಡಬೇಕಾದ ಕೆಲಸ, ಏನನ್ನೂ ಬಿಚ್ಚಲು ಬಿಡದಿರುವುದು. ಬಿಚ್ಚಿದಮೇಲೆ ಸಾಕ್ಷಿ ಹೋಯಿತು. ಬಿಚ್ಚುವಾಗ ಎದುರಿಗಿರುತ್ತೇನೆ ಎಂದು ಬರೆದುಕೊಡಿ. ಇಳಿಸಿದ ಆಯಿಲನ್ನು ಅಳೆಸಿ. ಹಳೇ ಫಿಲ್ಟರು, ಬೋಲ್ಟು, ಚೇಂಬರಿನ ತಳ, ಎಲ್ಲದರ ಫೋಟೋ ತೆಗೆಯಿರಿ. ಚೇಂಬರಿಗೆ ಏಟು ಬಿದ್ದಂತಿದ್ದರೆ ವಿಮಾ ಕಂಪನಿಗೆ ಕೂಡಲೇ ತಿಳಿಸಿ, ಸರ್ವೇಯರ್ ಬಂದು ನೋಡುವ ತನಕ ಕಾಯಿರಿ. ವಾರಂಟಿ ಕೊಡುವುದಿಲ್ಲ ಎಂದರೆ ಏಕೆ ಎಂಬ ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ಬಾಯಿಮಾತಿನ 'ಇಲ್ಲ'ಕ್ಕೆ ಬೆಲೆಯಿಲ್ಲ.

ಇಷ್ಟಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗವಿದೆ. 1986ರ ಕಾಯ್ದೆ ಹೋಗಿ 2019ರ ಹೊಸ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಿಂದ ಜಾರಿಯಲ್ಲಿದೆ. ಕಂಪನಿಯ ಹೆಡ್ಡಾಫೀಸು ಎಲ್ಲೇ ಇರಲಿ, ದೂರುದಾರ ತಾನು ವಾಸಿಸುವ ಅಥವಾ ದುಡಿಯುವ ಊರಿನ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 50 ಲಕ್ಷದೊಳಗಿದ್ದರೆ ಜಿಲ್ಲೆಯಲ್ಲೇ ವಿಚಾರಣೆ. ಶುಲ್ಕ 5 ಲಕ್ಷದವರೆಗೆ ಇಲ್ಲವೇ ಇಲ್ಲ, 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400 ರೂಪಾಯಿ. ವಕೀಲರೇ ಆಗಬೇಕೆಂದಿಲ್ಲ. ಎರಡು ವರ್ಷದ ಒಳಗೆ ದೂರು ಬೀಳಬೇಕು, ಅಷ್ಟೇ. ದಾರಿ ತಿಳಿಯದಿದ್ದರೆ 1915 ನಂಬರಿಗೆ ಫೋನ್ ಮಾಡಿದರೆ ಹೇಳುತ್ತಾರೆ.

ಹಾಗೆಂದು ಆಯೋಗಕ್ಕೆ ಹೋದವರೆಲ್ಲ ಗೆದ್ದು ಬರುತ್ತಾರೆ ಎಂದೇನಿಲ್ಲ. ದೋಷವಿದೆ ಎಂದು ತೋರಿಸಿಕೊಡುವ ಭಾರ ದೂರುದಾರನ ಮೇಲೆಯೇ. ಪರೀಕ್ಷೆ ಮಾಡದೆ ದೋಷ ಗೊತ್ತಾಗುವಂತಿಲ್ಲ ಎಂದಾದರೆ ಆಯೋಗ ಅದನ್ನು ತಕ್ಕ ಪ್ರಯೋಗಾಲಯದ ಪರೀಕ್ಷೆಗೆ ಕಳಿಸಬಹುದು, ಅದರ ಶುಲ್ಕ ದೂರುದಾರನೇ ಕಟ್ಟಬೇಕು. ಎಂಜಿನ್ ಕೆಟ್ಟಿತು, ಹೊಸ ಕಾರೇ ಕೊಡಿ ಎಂದು ಹಟ ಹಿಡಿಯುವವರೂ ಇದ್ದಾರೆ. 2006ರಲ್ಲಿ ಮಾರುತಿ ಉದ್ಯೋಗ್ ಕಂಪನಿಯ ಕ್ಲಚ್ ದೋಷದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದಕ್ಕೆ ಉತ್ತರ ಹೇಳಿದೆ. ವಾರಂಟಿಯ ಷರತ್ತಿನಲ್ಲಿರುವುದು ಕೆಟ್ಟ ಭಾಗವನ್ನು ರಿಪೇರಿ ಮಾಡಿಕೊಡುವ ಅಥವಾ ಬದಲಿಸಿಕೊಡುವ ಹೊಣೆ, ಇಡೀ ಗಾಡಿ ಬದಲಿಸಿಕೊಡುವುದಲ್ಲ ಎಂದು.

ಅಂಗಡಿಯವರಿಗೆ ಇನ್ನೊಂದು ಮುಳ್ಳಿದೆ. ಲಾಭದ ವ್ಯವಹಾರಕ್ಕೆಂದು ಕೊಂಡ ವಸ್ತುವಾದರೆ ಕೊಂಡವನು ಈ ಕಾಯ್ದೆಯ ಪ್ರಕಾರ ಗ್ರಾಹಕನೇ ಅಲ್ಲ. 'ಕಾರಿನಲ್ಲಿ ಅಂಗಡಿ ಸಾಮಾನೂ ತರ್ತೀರಲ್ಲ' ಎಂದು ಷೋರೂಮಿನವರು ಮಂಡಿಪೇಟೆಯವರಿಗೆ ಮೆಲ್ಲಗೆ ಚುಚ್ಚಿದ್ದು ಇದಕ್ಕೇ. ಆದರೆ ಅದೇ ಕಾಯ್ದೆಯಲ್ಲಿ ವಿವರಣೆಯೂ ಇದೆ. ಸ್ವಯಂ ಉದ್ಯೋಗದಿಂದ ಹೊಟ್ಟೆ ಹೊರೆಯಲಿಕ್ಕೆಂದು ಮಾತ್ರ ಕೊಂಡು, ತಾನೇ ಬಳಸುವವನು ಗ್ರಾಹಕನೇ. ತಾನೇ ಸ್ಟೇರಿಂಗ್ ಹಿಡಿದು ಟ್ಯಾಕ್ಸಿ ಓಡಿಸುವವನಿಗೆ ಬಾಗಿಲು ತೆರೆದಿದೆ. ಸಂಬಳದ ಡ್ರೈವರುಗಳನ್ನಿಟ್ಟು ಹತ್ತು ಗಾಡಿ ಓಡಿಸುವ ಸಾವುಕಾರರಿಗೆ ಅದು ಸುಲಭವಾಗಿ ತೆರೆಯುವುದಿಲ್ಲ.

ಕಡೆಗೇನಾಯ್ತು?

ಮಂಡಿಪೇಟೆಯವರು ಸುಮ್ಮನೆ ಕೂರಲಿಲ್ಲ. ಚೇಂಬರಿಗೆ ಏಟು ಬಿದ್ದಿಲ್ಲ, ಸರ್ವೀಸು ತಪ್ಪಿಲ್ಲ, ಹಾಗಾದರೆ ಆರು ಸಾವಿರ ಕಿಲೋಮೀಟರಿನಲ್ಲಿ ಎರಡೂವರೆ ಲೀಟರು ಎಲ್ಲಿ ಹೋಯಿತು, ಬರವಣಿಗೆಯಲ್ಲಿ ತಿಳಿಸಿ ಎಂದು ಕಂಪನಿಗೆ ರಿಜಿಸ್ಟರ್ ಪೋಸ್ಟು ಹಾಕಿದರು. ಆಮೇಲೆ ಮಾತಿನ ಧಾಟಿ ಬದಲಾಯಿತು. ಬಿಡಿಭಾಗದ ಖರ್ಚಿನಲ್ಲಿ ಅರ್ಧ ಕಂಪನಿ ಹಾಕಿಕೊಳ್ಳುತ್ತದೆ, ಉಳಿದದ್ದು ನೀವು ಕೊಡಿ ಎಂದು ಬಂದಿದೆ. ತಪ್ಪು ಒಪ್ಪಿಕೊಂಡಲ್ಲವಂತೆ, ಬರೀ ವಿಶ್ವಾಸಕ್ಕಂತೆ. ಒಪ್ಪಬೇಕೋ ಆಯೋಗಕ್ಕೆ ಹೋಗಬೇಕೋ ಎಂದು ಅವರಿನ್ನೂ ತೀರ್ಮಾನಿಸಿಲ್ಲ. ಕಾರು ಷೋರೂಮಿನ ಹಿಂದುಗಡೆ ಧೂಳು ತಿನ್ನುತ್ತಿದೆ. ಬ್ಯಾಂಕಿನ ಕಂತು ಮಾತ್ರ ತಿಂಗಳು ತಪ್ಪದೆ ಕಟ್ ಆಗುತ್ತಿದೆ.

ಸದ್ಯಕ್ಕೆ ಅವರು ಬಸ್ಸಿನಲ್ಲೇ ಓಡಾಡುತ್ತಿದ್ದಾರೆ. 'ಮೊದ್ಲು ಸೀಟು ಐತೋ ಇಲ್ಲೋ ನೋಡ್ತಿದ್ದೆ. ಈಗ ಡ್ರೈವರಣ್ಣನ್ನ ಎಣ್ಣೆ ನೋಡಿದ್ಯೇನಪಾ ಅಂತ ಕೇಳೇ ಹತ್ತೋದು' ಎನ್ನುತ್ತಾರೆ.

ಡ್ರೈವರಣ್ಣ ನಗುತ್ತಾನಂತೆ. ನಗಲಿ. ಕೇಳಿದ ಪ್ರಶ್ನೆ ಮಾತ್ರ ಸರಿಯಾಗಿದೆ.