ಮುಪ್ಪಿನ ತಂದೆತಾಯಂದಿರೂ ಊರಿನ ಮನೆಯೂ

ಸಿಲ್ಲೋಡದಂಥ ಊರಿನಲ್ಲಿ ನೆಲಸಿದ ಕನ್ನಡಿಗನಿಗೆ ಎರಡು ಬಗೆಯ ಕಾಗದಪತ್ರಗಳ ಪರಿಚಯ ಅನಿವಾರ್ಯ. ಇಲ್ಲಿಯ ಹೊಲದ ಉತಾರೆಗೆ ‘ಸಾತ್‌ಬಾರಾ’ ಎಂದು ಹೆಸರು. ಊರಿನ ಹೊಲದ್ದಾದರೆ ಪಹಣಿ. 1956ರ ನವೆಂಬರ್ 1ಕ್ಕೆ ಮೊದಲು ಔರಂಗಾಬಾದ್ ಜಿಲ್ಲೆಯೂ ಗುಲ್ಬರ್ಗಾ, ಬೀದರ, ರಾಯಚೂರುಗಳೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಅಂದು ಗಡಿ ಬಿದ್ದಿತು. 2023ರಲ್ಲಿ ಜಿಲ್ಲೆಯ ಹೆಸರೂ ಛತ್ರಪತಿ ಸಂಭಾಜಿನಗರವೆಂದು ಬದಲಾಯಿತು. ಆದರೆ ಗಡಿಯ ಆಚೆ ತಂದೆತಾಯಿ, ಈಚೆ ಮಕ್ಕಳು ಇರುವ ಮನೆತನಗಳ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ.

ತಂದೆಗೆ ಎಂಬತ್ತು. ತಾಯಿ ಬಿದ್ದು ಸೊಂಟದ ಮೂಳೆ ಮುರಿದಿದೆ. ಇಲ್ಲಿ ಮಗನದು ಎರಡು ಕೋಣೆಯ ಬಾಡಿಗೆ ಮನೆ. ಕೊನೆಗೆ ವೃದ್ಧಾಶ್ರಮದ ಮಾತು ಬರುತ್ತದೆ. ಅದರ ಬೆನ್ನಿಗೇ, ದನಿ ತಗ್ಗಿಸಿ, ಇನ್ನೊಂದು ಮಾತು: “ಮನೆ ಹೊಲ ಈಗಲೇ ನಮ್ಮ ಹೆಸರಿಗೆ ಮಾಡಿಸಿಕೊಂಡರೆ ಒಳಿತಲ್ಲವೇ?”

ಈ ಆತುರದಲ್ಲಿ ಸ್ವಲ್ಪ ಭಾಗ ಪರದೇಶದಿಂದ ಬಂದದ್ದು. ಇಂಗ್ಲೆಂಡಿನಲ್ಲಿ 23,250 ಪೌಂಡಿಗಿಂತ ಹೆಚ್ಚು ಆಸ್ತಿಯಿದ್ದವರು ಆಶ್ರಮದ ಖರ್ಚನ್ನು ತಾವೇ ಹೊರಬೇಕು. ಎಷ್ಟೋ ಸಲ ವಾಸದ ಮನೆಯೂ ಆ ಲೆಕ್ಕಕ್ಕೆ ಸೇರುತ್ತದೆ. ಅಮೆರಿಕದಲ್ಲಿ ಸರಕಾರದ ನೆರವು ಕೇಳಿದರೆ ಹಿಂದಿನ ಐದು ವರ್ಷಗಳಲ್ಲಿ ಯಾರಿಗೆ ಏನು ಕೊಟ್ಟಿರೆಂದು ಸಾಮಾನ್ಯವಾಗಿ ಶೋಧಿಸುತ್ತಾರೆ. ಅಲ್ಲಿರುವ ಬಂಧುಗಳು ಈ ಭಯವನ್ನು ನಮಗೂ ಹೇಳುತ್ತಾರೆ. ನಮ್ಮಲ್ಲಿ ಸರಕಾರ ಹೀಗೆ ಮನೆಯ ಮೇಲೆ ಕಣ್ಣಿಡುವುದಿಲ್ಲ. ಏಕೆಂದರೆ ಅದು ಖರ್ಚನ್ನೂ ಕೊಡುವುದಿಲ್ಲ! ಜಿಲ್ಲೆಗೊಂದರಂತೆ 150 ಜನ ನಿರ್ಗತಿಕ ವೃದ್ಧರಿಗಾಗಿ ಆಶ್ರಮ ಸ್ಥಾಪಿಸಬಹುದೆಂದು 2007ರ ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯಿದೆ ಹೇಳುತ್ತದೆ. ಉಳಿದವರ ಖರ್ಚು ಮನೆತನದ ಮೇಲೆಯೇ. ಆದ್ದರಿಂದ ಇಲ್ಲಿ ರಕ್ಷಿಸಬೇಕಾದದ್ದು ಮೊದಲು ತಂದೆತಾಯಿಗಳ ಕೈಯಲ್ಲಿರುವ ಆಸ್ತಿ. ಮಕ್ಕಳ ಪಾಲಿನ ಮಾತು ಆಮೇಲೆ.

ಬಕ್ಷೀಸ್‌ಪತ್ರಕ್ಕೂ ಮೃತ್ಯುಪತ್ರಕ್ಕೂ ಇರುವ ಅಂತರವನ್ನು ಎಷ್ಟೋ ಜನ ವಿದ್ಯಾವಂತರೂ ಅರಿಯರು. ಬಕ್ಷೀಸ್‌ಪತ್ರ ನೋಂದಣಿಯಾದ ದಿನವೇ ಮನೆ ಕೈಬಿಟ್ಟಂತೆ. ಮನಸ್ಸು ಬದಲಾಯಿತೆಂದು ಅದನ್ನು ಹಿಂತೆಗೆದುಕೊಳ್ಳಲಾಗದು. ಮೃತ್ಯುಪತ್ರವಾದರೆ ಬರೆದವರು ಬದುಕಿರುವವರೆಗೂ ಎಷ್ಟು ಸಲ ಬೇಕಾದರೂ ಬದಲಿಸಬಹುದು. ಇಬ್ಬರು ಸಾಕ್ಷಿಗಳ ರುಜು ಬೇಕು, ನೋಂದಣಿ ಕಡ್ಡಾಯವಲ್ಲ. ಮಾಡಿಸಿದರೆ ಮುಂದೆ ತಕರಾರು ಕಡಿಮೆ. ನಮ್ಮ ಮಟ್ಟಿಗೆ ಮೃತ್ಯುಪತ್ರವೇ ಲೇಸು.

ಬಕ್ಷೀಸ್‌ಪತ್ರವನ್ನೇ ಮಾಡಲು ಹೊರಟವರು ಮೇಲಿನ ಕಾಯಿದೆಯ 23ನೆಯ ಕಲಮನ್ನು ಓದಿಸಿಕೊಂಡು ಕೇಳತಕ್ಕದ್ದು. ಹಿರಿಯರನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಪಡೆದವನು ನೋಡಿಕೊಳ್ಳದೆ ಹೋದರೆ, ಆ ಪತ್ರವನ್ನು ಅಸಿಂಧುವೆಂದು ಸಾರಿಸಬಹುದು. ಷರತ್ತು ಇರಲೇಬೇಕು, ಅದಿಲ್ಲದೆ ಈ ಕಲಮು ಅನ್ವಯಿಸದೆಂದು 2022ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. 2025ರ ಜನವರಿ 2ರಂದು ಮಧ್ಯಪ್ರದೇಶದ ಒಬ್ಬ ತಾಯಿಯ ವಿಷಯದಲ್ಲಿ ಅದೇ ನ್ಯಾಯಾಲಯ ಕಾಯಿದೆಯನ್ನು ಉದಾರವಾಗಿ ಅರ್ಥಮಾಡಿತು. ಮಗ ನೋಡಿಕೊಳ್ಳುವುದಾಗಿ ಬೇರೆ ವಚನಪತ್ರ ಬರೆದುಕೊಟ್ಟಿದ್ದನೆಂದು ಆಕೆಯ ವಾದ. ಅದು ಸುಳ್ಳು ಪತ್ರವೆಂದು ಮಗನ ವಾದ. ನ್ಯಾಯಾಲಯ ಎರಡೂ ಪತ್ರಗಳನ್ನು ಒಟ್ಟಿಗೆ ಓದಿ ದಾನವನ್ನು ರದ್ದುಮಾಡಿ, ಮನೆಯನ್ನು ತಾಯಿಗೆ ಮರಳಿಸಿತು. ಆ ವೇಳೆಗೆ ಎಷ್ಟು ಕಚೇರಿಗಳ ಮೆಟ್ಟಿಲು ಹತ್ತಿದ್ದಳೋ! ಪತ್ರದಲ್ಲಿಯೇ ಒಂದು ವಾಕ್ಯ ಬರೆಸಿದ್ದರೆ ಅಷ್ಟು ದಣಿವು ತಪ್ಪುತ್ತಿತ್ತು.

ದೂರು ಕೊಡುವುದೆಲ್ಲಿ? ಪೋಷಣೆಯ ಅರ್ಜಿಯನ್ನು ತಂದೆತಾಯಿ ವಾಸವಾಗಿರುವ ಜಿಲ್ಲೆಯಲ್ಲಾಗಲಿ ಮಕ್ಕಳಿರುವ ಜಿಲ್ಲೆಯಲ್ಲಾಗಲಿ ಹಾಕಬಹುದು. ಆಶ್ರಮದಲ್ಲಿರುವ ವೃದ್ಧರು ಇದಕ್ಕಾಗಿ ಗಡಿ ದಾಟಿ ಅಲೆಯಬೇಕಾಗಿಲ್ಲ.

ಪಿತ್ರಾರ್ಜಿತ ಹೊಲದ ಲೆಕ್ಕ ಬೇರೆ. ಅದರಲ್ಲಿ ತಂದೆ ತನ್ನ ಪಾಲನ್ನಷ್ಟೇ ಬರೆದುಕೊಡಬಲ್ಲ. ಹೆಣ್ಣುಮಕ್ಕಳಿಗೆ 1994ರಲ್ಲಿ ಕರ್ನಾಟಕ, ಮಹಾರಾಷ್ಟ್ರಗಳೆರಡೂ ಪಾಲು ಕೊಟ್ಟವು. ಆದರೆ ಮೊದಲೇ ಮದುವೆಯಾದವರು ಹೊರಗುಳಿದರು. 2005ರ ಕೇಂದ್ರದ ತಿದ್ದುಪಡಿ ಆ ಕೊರತೆಯನ್ನು ತುಂಬಿತು. ತಂದೆ ಆಗ ಬದುಕಿರಬೇಕೆಂಬ ನಿರ್ಬಂಧವಿಲ್ಲವೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. ಅಕ್ಕತಂಗಿಯರನ್ನು ಬಿಟ್ಟು ಅಣ್ಣತಮ್ಮಂದಿರಷ್ಟೇ ಕುಳಿತು ಹಂಚಿಕೊಂಡ ಹೊಲ ಕೋರ್ಟಿನ ದಾರಿ ಹಿಡಿಯುವುದು ಹೀಗೆಯೇ.

ಮರೆವಿನ ರೋಗ ತಲೆದೋರಿದ ಮನೆಗಳಲ್ಲಿ ಇನ್ನೊಂದು ಎಚ್ಚರ ಬೇಕು. “ಮುಖ್ತ್ಯಾರ್‌ನಾಮೆ ಇದೆಯಲ್ಲ” ಎಂದು ಮಗ ನಿಶ್ಚಿಂತನಾಗಿರುತ್ತಾನೆ. ಆದರೆ ಬರೆದುಕೊಟ್ಟವರ ಬುದ್ಧಿ ಸ್ವಸ್ಥವಿಲ್ಲದಂತಾದರೆ ನಮ್ಮ ಕಾಯಿದೆಯಂತೆ ಮುಖ್ತ್ಯಾರಿಯೂ ಮುಗಿಯಿತು. ಆಮೇಲೆ ಆಶ್ರಮದ ಶುಲ್ಕಕ್ಕೆ ತಂದೆಯದೇ ಹಣ ತೆಗೆಯಬೇಕಾದರೂ ನ್ಯಾಯಾಲಯದಿಂದ ಪಾಲಕತ್ವ ತರಬೇಕಾದೀತು. ಬ್ಯಾಂಕಿನ ಖಾತೆಗೆ ಇನ್ನೊಬ್ಬರ ಹೆಸರು ಸೇರಿಸುವುದು, ಮೃತ್ಯುಪತ್ರ ಬರೆಸುವುದು, ಇವೆಲ್ಲ ಹಿರಿಯರ ನೆನಪು ಗಟ್ಟಿಯಿರುವಾಗಲೇ ಆಗಬೇಕು.

ಮನೆಯನ್ನು ಮಾರದೆ ಅದರ ಮೇಲೆ ತಿಂಗಳು ತಿಂಗಳು ಹಣ ಪಡೆಯುವ ರಿವರ್ಸ್ ಮಾರ್ಟ್‌ಗೇಜ್ ಎಂಬ ಸಾಲ ಅರುವತ್ತು ದಾಟಿದವರಿಗೆ 2007ರಿಂದ ಬಂದಿದೆ. ಹಿರಿಯರ ಕಾಲಾನಂತರ ಮಕ್ಕಳು ಸಾಲ ತೀರಿಸಿ ಮನೆ ಉಳಿಸಿಕೊಳ್ಳಬಹುದು. ಮನೆಯಲ್ಲೇ ದಾದಿಯನ್ನಿಟ್ಟುಕೊಳ್ಳುವವರಿಗೆ ಇದು ಒದಗೀತು. ಆಶ್ರಮಕ್ಕೆ ಹೋಗುವವರಿಗೆ ಒದಗದು. ಮನೆಯನ್ನು ಕಾಯಂ ಆಗಿ ಬಿಟ್ಟರೆ ಸಾಲ ತೀರಿಸುವ ಹೊತ್ತು ಬಂತೆಂದೇ ಬ್ಯಾಂಕಿನ ಲೆಕ್ಕ. ಅಂಥವರು ಮನೆಯನ್ನು ಬಾಡಿಗೆಗೆ ಕೊಟ್ಟು, ಆ ಹಣ ತಾಯಿಯ ಖಾತೆಗೇ ನೇರವಾಗಿ ಸೇರುವಂತೆ ಕರಾರು ಬರೆಸಲಿ. ಆಶ್ರಮಕ್ಕೆ ಕಟ್ಟುವ ಠೇವಣಿಯಲ್ಲಿ ಎಷ್ಟು ಹಿಂದಿರುಗುತ್ತದೆ, ಯಾರ ಹೆಸರಿಗೆ, ಎಷ್ಟು ದಿನದೊಳಗೆ ಎಂಬುದನ್ನೂ ರಸೀದಿಯ ಜೊತೆಗೆ ಬರವಣಿಗೆಯಲ್ಲಿ ಪಡೆದಿರಲಿ.