ಸ್ಟರ್ಜನ್ ಸಾಕಣೆಯಲ್ಲಿ ದಟ್ಟಣೆ: ಬೆಳವಣಿಗೆ ಮತ್ತು ಆರೋಗ್ಯದ ಮೇಲಿನ ಪರಿಣಾಮ

ಕ್ಯಾಸ್ಪಿಯನ್ ಮತ್ತು ಕಪ್ಪು ಸಮುದ್ರಗಳ ಸ್ಟರ್ಜನ್ ಮೀನುಗಳು ಅತಿ ಪ್ರಾಚೀನ ವಂಶಕ್ಕೆ ಸೇರಿದವು. ಇವುಗಳ ಮೊಟ್ಟೆಯಿಂದ ಸಿದ್ಧಪಡಿಸುವ ಕ್ಯಾವಿಯರ್‌ಗಾಗಿ ನಡೆದ ಮಿತಿಮೀರಿದ ಬೇಟೆಯೂ ವೋಲ್ಗಾ ಮೊದಲಾದ ನದಿಗಳ ಅಣೆಕಟ್ಟುಗಳೂ ಅವುಗಳ ಸಂತತಿಯನ್ನು ಕುಗ್ಗಿಸಿದವು. 1998ರಲ್ಲಿ ಎಲ್ಲ ಸ್ಟರ್ಜನ್ ಪ್ರಭೇದಗಳ ಅಂತರರಾಷ್ಟ್ರೀಯ ವ್ಯಾಪಾರವು ನಿಯಂತ್ರಣಕ್ಕೆ ಒಳಪಟ್ಟಿತು. ಇಂದು ಕಾನೂನುಬದ್ಧವಾಗಿ ಮಾರಾಟವಾಗುವ ಕ್ಯಾವಿಯರ್ ಬಹುಪಾಲು ಸಾಕಿದ ಮೀನಿನದೇ ಆಗಿದ್ದು, ಉತ್ಪಾದನೆಯಲ್ಲಿ ಚೀನಾ ಮುಂದಿದೆ.

ಸಾಕಣೆಯಲ್ಲಿಯೂ ಹೆಣ್ಣು ಸ್ಟರ್ಜನ್ ಮೊಟ್ಟೆ ಕೊಡುವಷ್ಟು ಬೆಳೆಯಲು ಅನೇಕ ವರ್ಷಗಳು ಬೇಕು. ಬೆಲೂಗಾ ಪ್ರಭೇದಕ್ಕೆ ಈ ಅವಧಿ ಇನ್ನೂ ದೀರ್ಘವಾದುದು. ಇಷ್ಟು ಕಾಲ ತೊಟ್ಟಿಯನ್ನು ನಿರ್ವಹಿಸುವ ವೆಚ್ಚವನ್ನು ಸರಿದೂಗಿಸಲು ಹೆಚ್ಚು ಮೀನುಗಳನ್ನು ತುಂಬುವ ಒತ್ತಡ ಸಾಕಣೆದಾರನಿಗೆ ಸಹಜ. ಆದರೆ ಸ್ಟರ್ಜನ್ ತಳದಲ್ಲಿ ಸಂಚರಿಸಿ, ಮೂತಿಯ ಕೆಳಗಿನ ಮೀಸೆಗಳಿಂದ ಆಹಾರವನ್ನು ಅರಸುವ ಮೀನು. ಆದಕಾರಣ ತೊಟ್ಟಿಯ ನೀರು ಎಷ್ಟೇ ಆಳವಾಗಿದ್ದರೂ ತಳದ ವಿಸ್ತಾರವೇ ಅದರ ವಾಸಸ್ಥಳ. ಈ ಮೀನಿನ ದಟ್ಟಣೆಯನ್ನು ಘನ ಮೀಟರಿಗಿಂತ ಹೆಚ್ಚಾಗಿ ಚದರ ಮೀಟರಿಗೆ ಇಷ್ಟು ಕಿಲೋಗ್ರಾಂ ಎಂದು ಅಳೆಯುವುದು ಇದೇ ಕಾರಣದಿಂದ.

ದಟ್ಟಣೆಯ ಪರಿಣಾಮವು ಎರಡು ಮಾರ್ಗಗಳಲ್ಲಿ ಒದಗುತ್ತದೆ. ಮೊದಲನೆಯದು ನೀರಿನ ಮೂಲಕ. 10 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರ್ ಸಿಹಿನೀರು ಸುಮಾರು 11 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ, 20 ಡಿಗ್ರಿಯಲ್ಲಿ ಸುಮಾರು 9 ಮಿಲಿಗ್ರಾಂ ಮಾತ್ರ. ಉಷ್ಣತೆ ಏರಿದಂತೆ ಮೀನಿನ ಬೇಡಿಕೆ ಹೆಚ್ಚುತ್ತದೆ, ನೀರಿನ ಸಾಮರ್ಥ್ಯ ಕುಗ್ಗುತ್ತದೆ. ಜೊತೆಗೆ ಮೀನು ವಿಸರ್ಜಿಸುವ ಅಮೋನಿಯಾ ಸಂಗ್ರಹವಾಗುತ್ತದೆ. ನೀರಿನ ಪಿಎಚ್ 7ರಿಂದ 8ಕ್ಕೇರಿದರೆ ಅಮೋನಿಯಾದ ವಿಷಕಾರಿ ಅಂಶವು ಸುಮಾರು ಹತ್ತು ಪಟ್ಟಾಗಿ, ಕಿವಿರುಗಳಿಗೆ ಹಾನಿಯುಂಟಾಗುತ್ತದೆ.

ಎರಡನೆಯದು ಮೀನುಗಳ ಪರಸ್ಪರ ಸಂಪರ್ಕದ ಮೂಲಕ. ನೀರು ಶುದ್ಧವಾಗಿದ್ದರೂ ಇಕ್ಕಟ್ಟಿನಲ್ಲಿ ಬಲಿಷ್ಠ ಮರಿಗಳು ಆಹಾರವನ್ನು ಮೊದಲು ಪಡೆಯುತ್ತವೆ. ದುರ್ಬಲ ಮರಿಗಳು ಹಿಂದುಳಿದು ಗಾತ್ರದ ಅಂತರ ಹೆಚ್ಚುತ್ತದೆ. ಎಡೆಬಿಡದ ಚಲನೆಯಲ್ಲಿಯೂ ಒತ್ತಡದಲ್ಲಿಯೂ ಶಕ್ತಿ ವ್ಯಯವಾಗುವುದರಿಂದ ತಿಂದ ಆಹಾರ ಮಾಂಸವಾಗಿ ಪರಿಣಮಿಸುವುದು ಕಡಿಮೆಯಾಗುತ್ತದೆ. ಉಜ್ಜಾಟದಿಂದ ರೆಕ್ಕೆಗಳು ಸವೆಯುತ್ತವೆ. ಗಾಯಗಳು ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳಿಗೆ ದಾರಿಮಾಡಿಕೊಡುತ್ತವೆ. ದೀರ್ಘಕಾಲದ ಒತ್ತಡವು ರೋಗನಿರೋಧಕ ಶಕ್ತಿಯನ್ನೂ ಕುಂದಿಸುತ್ತದೆ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಟ್ರೌಟ್ ಮುಂತಾದ ಮೀನುಗಳಿಗೆ ಹೋಲಿಸಿದರೆ, ಒತ್ತಡಕ್ಕೊಳಗಾದ ಸ್ಟರ್ಜನ್‌ನ ರಕ್ತದಲ್ಲಿ ಕಾರ್ಟಿಸಾಲ್ ಹಾರ್ಮೋನಿನ ಏರಿಕೆ ಸಾಮಾನ್ಯವಾಗಿ ಅಲ್ಪ. ಆದ್ದರಿಂದ ಆ ಒಂದು ಪರೀಕ್ಷೆಯನ್ನೇ ನಂಬಿ ಮೀನು ಕ್ಷೇಮವಾಗಿದೆಯೆಂದು ತೀರ್ಮಾನಿಸಲಾಗದು. ನಿಯತವಾಗಿ ತೂಕವನ್ನು ದಾಖಲಿಸುವುದು, ತಿಂದ ಆಹಾರಕ್ಕೂ ಬೆಳವಣಿಗೆಗೂ ಇರುವ ಅನುಪಾತ, ರೆಕ್ಕೆಗಳ ಸ್ಥಿತಿ ಮತ್ತು ಗಾತ್ರದ ಏಕರೂಪತೆಯನ್ನು ಒಟ್ಟಾಗಿ ಗಮನಿಸುವುದು ಅವಶ್ಯ.

ಎಲ್ಲ ಸ್ಟರ್ಜನ್‌ಗಳಿಗೂ ಅನ್ವಯಿಸುವ ಒಂದೇ ಸುರಕ್ಷಿತ ಸಂಖ್ಯೆ ಇರಲಾರದು. ಪ್ರಭೇದ, ವಯಸ್ಸು, ಉಷ್ಣತೆ ಮತ್ತು ನೀರಿನ ಹರಿವಿಗನುಗುಣವಾಗಿ ಮಿತಿ ಬದಲಾಗುತ್ತದೆ. ಮೀನು ಬೆಳೆದಂತೆ ಅದೇ ತೊಟ್ಟಿ ಇಕ್ಕಟ್ಟಾಗುವುದರಿಂದ ಕಾಲಕಾಲಕ್ಕೆ ಗಾತ್ರಾನುಸಾರ ವಿಂಗಡಿಸಿ ಹಂಚಬೇಕು. ಆಮ್ಲಜನಕದ ಪೂರೈಕೆಯು ನೀರಿನ ಕೊರತೆಯನ್ನು ತುಂಬಬಲ್ಲದೇ ಹೊರತು ತಳದ ಇಕ್ಕಟ್ಟನ್ನು ನಿವಾರಿಸದು. ವರ್ಷಗಟ್ಟಲೆ ಕಾಯಬೇಕಾದ ಈ ಸಾಕಣೆಯಲ್ಲಿ ಎಳೆಯ ಮೀನಿಗೆ ದೊರೆತ ಸ್ಥಳಾವಕಾಶವೇ ಮುಂದಿನ ಫಲದ ಅಡಿಪಾಯ.