ಜೀಪಿಗೆ ಜ್ವರ ಬಂದಾಗ

ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಲ್ಲಿ ಕಾರ್ಯಕ್ರಮ ಮುಗಿಸಿ ಹೊರಗೆ ಬಂದಾಗಲೆಲ್ಲ ನಿಮ್ಮ ಗುಂಪನ್ನು ನೋಡುತ್ತೇನೆ. ಹಳೆಯ ಜೀಪೋ ಜಿಪ್ಸಿಯೋ ಕೊಂಡು, ದಪ್ಪ ಟೈರು ಹಾಕಿಸಿ, ಭಾನುವಾರ ವಿಕಾರಾಬಾದಿನ ಅನಂತಗಿರಿ ಗುಡ್ಡಕ್ಕೆ ಹೋಗಿ ಬಂದ ಸಾಹಸವನ್ನು ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಹೇಳಿಕೊಳ್ಳುತ್ತಿರುತ್ತೀರಿ. ಕಥೆ ಯಾವುದಾದರೂ ಕೊನೆ ಮಾತ್ರ ಒಂದೇ: "ಗಾಡಿ ಹೀಟ್ ಆಗಿಬಿಡ್ತು ಆಂಟಿ." ಅದಕ್ಕೇ ಸಂಪಾದಕರು ಲೇಖನ ಕೇಳಿದಾಗ ಈ ಸಲ ಉಪ್ಪಿನಕಾಯಿಯ ವಿಷಯ ಬಿಟ್ಟು ಇದನ್ನು ಆರಿಸಿಕೊಂಡೆ. ಇಂಗ್ಲಿಷಿನಲ್ಲಿ ಬಿ.ಎ. ಮಾಡಿ ಮೂವತ್ತು ವರ್ಷ ಒಲೆಯ ಮುಂದೆ ನಿಂತವಳಿಗೆ ಎಂಜಿನ್ನಿನ ಗೊಡವೆ ಏಕೆ ಎಂದು ನಗಬೇಡಿ. ಕುದಿಯುವ ನೀರಿನ ವಿಷಯದಲ್ಲಿ ನಿಮಗಿಂತ ನನಗೇ ಅನುಭವ ಹೆಚ್ಚು.

ನಮ್ಮಲ್ಲಿರುವುದು 1991ರ ಮಹೀಂದ್ರ ಎಂ.ಎಂ. 540. ಬಾನೆಟ್ಟಿನೊಳಗೆ ಪೂಜೋ ಡೀಸೆಲ್ ಎಂಜಿನ್. ನಮ್ಮ ಮಾವನವರು ಕೊಂಡ ಗಾಡಿ; ಅವರು ತೀರಿಕೊಂಡ ಮೇಲೆ ಮಾರಲು ಯಾರಿಗೂ ಮನಸ್ಸಾಗದೆ ಉಳಿದುಕೊಂಡಿತು. 2022ರ ಯುಗಾದಿಗೆ ಅದರಲ್ಲೇ ಶ್ರೀಶೈಲಕ್ಕೆ ಹೊರಟೆವು. ಯುಗಾದಿಯ ಶ್ರೀಶೈಲವೆಂದರೆ ಕನ್ನಡದವರ ಜಾತ್ರೆಯೇ ಸರಿ, ಉತ್ತರ ಕರ್ನಾಟಕದ ಭಕ್ತರು ಎಷ್ಟೋ ದಿನ ಕಾಲ್ನಡಿಗೆಯಲ್ಲೇ ಬಂದು ಸೇರುತ್ತಾರೆ. ನಾವೋ ಜೀಪಿನಲ್ಲಿ ಹೊರಟು ಅರ್ಧ ದಾರಿಯಲ್ಲೇ ಉಳಿದೆವು. ಮನ್ನನೂರಿನ ಘಟ್ಟ ಏರುತ್ತಿದ್ದಂತೆ ಮೀಟರಿನ ಮುಳ್ಳು ಕೆಂಪಿಗೆ ಹೋಯಿತು, ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು. ನಾನು ಇಳಿಯುವಷ್ಟರಲ್ಲಿ ಮಗ ಒಂದು ಟವೆಲ್ ಹಿಡಿದು ರೇಡಿಯೇಟರಿನ ಮುಚ್ಚಳ ತಿರುಗಿಸಿಯೇ ಬಿಟ್ಟಿದ್ದ. ಕುದಿಯುವ ನೀರು ಕಾರಂಜಿಯಂತೆ ಚಿಮ್ಮಿ ಅವನ ಮುಂಗೈಯಿಂದ ಮೊಣಕೈವರೆಗೆ ಸುಟ್ಟಿತು. ಕ್ಯಾನಿನಲ್ಲಿದ್ದ ಕುಡಿಯುವ ನೀರನ್ನೆಲ್ಲ ಇಪ್ಪತ್ತು ನಿಮಿಷ ಕೈಮೇಲೆ ಸುರಿದೆ. ಕಲೆ ಈಗಲೂ ಇದೆ.

ಆ ಹುಡುಗ ಹುಟ್ಟಿದಾಗಿನಿಂದ ಕುಕ್ಕರ್ ನೋಡಿದ್ದಾನೆ. ವಿಷಲ್ ಇಳಿಯದೆ ಮುಚ್ಚಳ ತೆಗೆಯಬಾರದೆಂದು ಅವನಿಗೂ ಗೊತ್ತು. ರೇಡಿಯೇಟರೂ ಕುಕ್ಕರೇ ಎಂದು ಮಾತ್ರ ಯಾರೂ ಹೇಳಿರಲಿಲ್ಲ. ನಮ್ಮ ಹೈದರಾಬಾದು ಸಮುದ್ರಮಟ್ಟದಿಂದ ಐನೂರು ಮೀಟರಿಗೂ ಮೇಲಿರುವುದರಿಂದ ಇಲ್ಲಿ ತೆರೆದ ಪಾತ್ರೆಯ ನೀರು ಸುಮಾರು 98 ಡಿಗ್ರಿಗೇ ಕುದಿಯುತ್ತದೆ. ಆ ಮುಚ್ಚಳದ ಒಳಗಿರುವ ಸ್ಪ್ರಿಂಗು, ರಬ್ಬರು ಒತ್ತಡವನ್ನು ಹಿಡಿದಿಡುತ್ತವೆ. 0.9 ಬಾರ್ ಎಂದು ಬರೆದ ಮುಚ್ಚಳವಿದ್ದರೆ ನೀರು 115 ಡಿಗ್ರಿ ದಾಟುವವರೆಗೆ ಕುದಿಯುವುದಿಲ್ಲ. ಬಿಸಿಯಾಗಿರುವಾಗ ತೆಗೆದಿರೋ, ಒತ್ತಡ ಹೋಗಿ ಅಷ್ಟೂ ನೀರು ಒಟ್ಟಿಗೆ ಉಕ್ಕುತ್ತದೆ. ಇದರಲ್ಲೇ ಇನ್ನೊಂದು ಮಾತೂ ಅಡಗಿದೆ. ಗ್ಯಾಸ್ಕೆಟ್ ಸಡಿಲವಾದ ಕುಕ್ಕರಿನಲ್ಲಿ ಬೇಳೆ ಬೇಯದ ಹಾಗೆ, ರಬ್ಬರು ಒಣಗಿದ ಮುಚ್ಚಳವಿದ್ದರೆ ಎಂಜಿನ್ ಸರಿಯಾಗಿದ್ದರೂ ಗಾಡಿ ಬೇಗ ಕುದಿಯುತ್ತದೆ.

ಮುಂದಿನ ಕಥೆ ಕೇಳಿ. ಗಾಡಿಯನ್ನು ಎಳೆಸಿಕೊಂಡು ತಂದು ಒಂದು ಗ್ಯಾರೇಜಿಗೆ ಹಾಕಿದೆವು. ಅವನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಥರ್ಮೋಸ್ಟಾಟ್ ತೆಗೆದುಹಾಕಿದ, ವಾಟರ್ ಪಂಪ್ ಬದಲಿಸಿದ, ಎಂಟು ಸಾವಿರ ಎಣಿಸಿಕೊಂಡ. ಮುಂದಿನ ವಾರ ಝಹೀರಾಬಾದಿನ ದಾರಿಯಲ್ಲಿ ಮತ್ತೆ ಮುಳ್ಳು ಮೇಲೇರಿತು. ಈಗ "ಹೆಡ್ ಹೋಗಿದೆ, ನಲವತ್ತು ಸಾವಿರ ಆಗುತ್ತದೆ" ಎಂದ. ಮನೆಯಲ್ಲಿ ಗುಜರಿಯ ಮಾತು ಶುರುವಾಯಿತು. ನಮ್ಮವರು ಎರಡು ರಾತ್ರಿ ಸರಿಯಾಗಿ ನಿದ್ದೆ ಮಾಡಲಿಲ್ಲ. ಅಪ್ಪನ ಗಾಡಿ ತಾನೇ.

ಯಾರೋ ಹೇಳಿದರೆಂದು ಕೊನೆಗೆ ರಾಣಿಗಂಜಿನ ಕಡೆ ಕೆಲಸ ಮಾಡುತ್ತಿದ್ದ ಒಬ್ಬ ವಯಸ್ಸಾದ ಮಿಸ್ತ್ರಿಯನ್ನು ಕರೆಸಿದೆವು. ಅವರು ಸ್ಪ್ಯಾನರ್ ಮುಟ್ಟಲೇ ಇಲ್ಲ. ಚಹಾ ಕುಡಿಯುತ್ತ ಕೇಳಿದರು: "ಕಬ್ ಗರಮ್ ಹೋತೀ, ಅಮ್ಮಾ?" ಯಾವಾಗ ಬಿಸಿಯಾಗುತ್ತದೆ? ಜ್ವರವೆಂದು ಹೋದಾಗ ಒಳ್ಳೆಯ ಡಾಕ್ಟರು ಬೆಳಿಗ್ಗೆಯೋ ಸಂಜೆಯೋ, ಚಳಿ ಇದೆಯೋ ಇಲ್ಲವೋ ಎಂದು ಕೇಳುವುದಿಲ್ಲವೆ, ಹಾಗೆ. ಆ ಒಂದು ಗಂಟೆಯಲ್ಲಿ ಅವರಿಂದ ಕಲಿತದ್ದನ್ನೇ ನಿಮಗೆ ಹೇಳುತ್ತಿದ್ದೇನೆ.

ಅಮೀರ್‌ಪೇಟೆಯ ಸಿಗ್ನಲ್ಲಿನಲ್ಲಿ ನಿಂತಾಗ ಬಿಸಿಯಾಗಿ, ಓಡತೊಡಗಿದ ಮೇಲೆ ತಣ್ಣಗಾದರೆ ಗಾಳಿ ಸಾಲುತ್ತಿಲ್ಲ ಎಂದರ್ಥ. ಓಡುವಾಗ ಗಾಳಿ ತಾನಾಗಿ ನುಗ್ಗುತ್ತದೆ, ನಿಂತಾಗ ಎಲ್ಲವೂ ಫ್ಯಾನಿನ ಮೇಲೆ. ಬೆಲ್ಟು ಸಡಿಲವಾಗಿದೆಯೇ ಎಂದು ಒತ್ತಿ ನೋಡಿ, ಸುಮಾರು ಅರ್ಧ ಇಂಚಿಗಿಂತ ಹೆಚ್ಚು ತಗ್ಗಬಾರದು. ಫ್ಯಾನಿನ ಸುತ್ತ ಇರಬೇಕಾದ ತಗಡಿನ ಕವಚವನ್ನು ಹಳೆಯ ಜೀಪುಗಳಲ್ಲಿ ಯಾವನೋ ಯಾವಾಗಲೋ ಕಳಚಿ ಎಸೆದಿರುತ್ತಾನೆ. ಅದಿಲ್ಲದಿದ್ದರೆ ಫ್ಯಾನು ರೇಡಿಯೇಟರಿನ ಮೂಲಕ ಗಾಳಿ ಎಳೆಯುವ ಬದಲು ಪಕ್ಕದ ಬಿಸಿಗಾಳಿಯನ್ನೇ ಸುತ್ತಿಸುತ್ತಿರುತ್ತದೆ. ಇನ್ನು ನೀವು ಕೆಸರಿನಲ್ಲಿ ಹೊರಳಾಡಿಸಿ ತರುವ ಗಾಡಿಗಳು! ರೇಡಿಯೇಟರಿನ ರೆಕ್ಕೆಗಳ ನಡುವೆ ಮಣ್ಣು, ಹುಲ್ಲಿನ ಬೀಜ ಕೂತು ಗಟ್ಟಿಯಾಗಿರುತ್ತದೆ. ಎಂಜಿನ್ ಕಡೆಯಿಂದ ಹೊರಕ್ಕೆ, ಮೆಲ್ಲನೆ ನೀರು ಹಾಯಿಸಿ. ವಾಷಿಂಗ್ ಸೆಂಟರಿನ ಜೋರು ಪೈಪು ಹಿಡಿದರೆ ರೆಕ್ಕೆಗಳೇ ಮಡಚಿಕೊಳ್ಳುತ್ತವೆ.

ಬೆಳಿಗ್ಗೆ ಸ್ಟಾರ್ಟ್ ಮಾಡಿ ಐದೇ ನಿಮಿಷಕ್ಕೆ ಬಿಸಿಯಾದರೆ ನೀರು ಕಡಿಮೆಯಿದೆ, ಇಲ್ಲವೇ ಥರ್ಮೋಸ್ಟಾಟ್ ಮುಚ್ಚಿಕೊಂಡೇ ಇದೆ. ಥರ್ಮೋಸ್ಟಾಟನ್ನು ಹೊರತೆಗೆದು ಅಮ್ಮನ ಹಳೆಯ ಪಾತ್ರೆಯಲ್ಲಿ (ಹೊಸದು ಮುಟ್ಟಬೇಡಿ) ದಾರ ಕಟ್ಟಿ ನೀರಿನಲ್ಲಿ ಇಳಿಬಿಟ್ಟು ಕಾಯಿಸಿ. ಎಷ್ಟು ಡಿಗ್ರಿಗೆ ತೆರೆಯಬೇಕೆಂದು ಅದರ ಮೇಲೇ ಅಚ್ಚಾಗಿರುತ್ತದೆ. ತೆರೆದರೆ ಅದು ನಿರಪರಾಧಿ. ತೆಗೆದೇ ಎಸೆದರೆ ಎಂಜಿನ್ ಬೇಕಾದಷ್ಟು ಬಿಸಿಯಾಗದೆ ಡೀಸೆಲ್ ಸರಿಯಾಗಿ ಉರಿಯುವುದಿಲ್ಲ. ಕೆಲವು ಎಂಜಿನ್ನುಗಳಲ್ಲಂತೂ ನೀರು ರೇಡಿಯೇಟರಿಗೇ ಹೋಗದೆ ಅಡ್ಡದಾರಿಯಲ್ಲಿ ತಿರುಗಿ ಇನ್ನೂ ಬಿಸಿಯಾಗುತ್ತದೆ.

ಎಲ್ಲರೂ ಹೆದರುವ ಹೆಡ್ ಗ್ಯಾಸ್ಕೆಟ್ಟಿಗೂ ಗುರುತುಗಳಿವೆ. ತಣ್ಣಗಿರುವಾಗ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದರೆ ಗೋಲಿ ಸೋಡಾದಂತೆ ಗುಳ್ಳೆಗಳು ಬಿಡದೆ ಏಳುವುದು, ಎಲ್ಲೂ ಸೋರದೆ ನೀರು ಮಾಯವಾಗುವುದು, ಆಯಿಲ್ ನೋಡುವ ಕಡ್ಡಿಯಲ್ಲಿ ಮಜ್ಜಿಗೆಯಂಥ ಬಣ್ಣ, ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ. ನಮ್ಮ ಜೀಪಿನಲ್ಲಿ ಇವುಗಳಲ್ಲಿ ಒಂದೂ ಇರಲಿಲ್ಲ. ನಲವತ್ತು ಸಾವಿರದ ರೋಗವನ್ನು ಆ ಗ್ಯಾರೇಜಿನವನು ಎಲ್ಲಿ ಕಂಡನೋ!

ನಮ್ಮದು ಊರೊಳಗೆ ಸುಮ್ಮನಿದ್ದು, ಹೈವೇಯಲ್ಲಿ ಮತ್ತು ಘಟ್ಟದಲ್ಲಿ ಮಾತ್ರ ಬಿಸಿಯಾಗುತ್ತಿತ್ತು. ಎಂದರೆ ಗಾಳಿ ಇದೆ, ಆದರೆ ನೀರು ಸಾಕಷ್ಟು ಹರಿಯುತ್ತಿಲ್ಲ. ಹೀಗಾದಾಗ ಕೆಳಗಿನ ಹೋಸನ್ನೂ ನೋಡಬೇಕು. ಹಳೆಯದಾಗಿ ಮೆತ್ತಗಾಗಿದ್ದರೆ ಎಂಜಿನ್ ಜೋರಾದಾಗ ಪಂಪಿನ ಎಳೆತಕ್ಕೆ ಒಳಕ್ಕೆ ಚಪ್ಪಟೆಯಾಗುತ್ತದೆ. ನಮ್ಮ ಹೋಸು ಗಟ್ಟಿಯಾಗಿತ್ತು. ಮಿಸ್ತ್ರಿ ಗಾಡಿಯನ್ನು ಬಿಸಿ ಮಾಡಿ, ಎಂಜಿನ್ ಆರಿಸಿ, ರೇಡಿಯೇಟರಿನ ಮುಖದ ಮೇಲೆ ಅಲ್ಲಲ್ಲಿ ಅಂಗೈ ಹತ್ತಿರ ಹಿಡಿದು ನೋಡಿದರು. ಮೇಲೆಲ್ಲ ಬಿಸಿ, ಕೆಳಗೆ ಬಲಮೂಲೆಯಲ್ಲಿ ತಣ್ಣಗೆ. ನನ್ನ ಕೈಯನ್ನೂ ಹಿಡಿಯಲು ಹೇಳಿದರು. ತಣ್ಣಗಿದ್ದ ಕಡೆ ನೀರು ಹೋಗುತ್ತಲೇ ಇರಲಿಲ್ಲ.

ಮರುದಿನ ಹಿತ್ತಾಳೆಯ ಆ ರೇಡಿಯೇಟರಿನ ತೊಟ್ಟಿಯ ಬೆಸುಗೆ ಬಿಡಿಸಿದಾಗ ಒಳಗೆ ಕಂಡದ್ದು ನಮ್ಮ ಗೀಸರಿನ ಕಾಯಿಲಿನಲ್ಲಿ ಕಾಣುವ ಅದೇ ಬಿಳಿ ಸುಣ್ಣ. ಬೋರ್‌ವೆಲ್ಲಿನ ಗಡಸು ನೀರು! ಅದನ್ನು ಅಷ್ಟು ವರ್ಷ ಮಗ್ಗಿನಲ್ಲಿ ತಂದು ತಂದು ಸುರಿದವಳು ನಾನೇ. ಅರ್ಧದಷ್ಟು ನಳಿಗೆಗಳು ಮುಚ್ಚಿಹೋಗಿದ್ದವು. ಸಣ್ಣ ಸರಳು ಹಾಯಿಸಿ ಒಂದೊಂದನ್ನೂ ಬಿಡಿಸಿ, ಮತ್ತೆ ಬೆಸೆದರು. ಹೊಸ ಕಾರುಗಳ ಅಲ್ಯೂಮಿನಿಯಂ-ಪ್ಲಾಸ್ಟಿಕ್ ರೇಡಿಯೇಟರಿಗೆ ಈ ಉಪಚಾರ ನಡೆಯುವುದಿಲ್ಲ. ಹಳೆಯ ಗಾಡಿಯ ಭಾಗ್ಯ ಅದು. ಹೊಸ ಮುಚ್ಚಳ, ಹೊಸ ಥರ್ಮೋಸ್ಟಾಟ್, ಅರ್ಧ ಕೂಲೆಂಟು, ಅರ್ಧ ಡಿಸ್ಟಿಲ್ಡ್ ವಾಟರ್. ಎಲ್ಲ ಸೇರಿ ಐದು ಸಾವಿರವೂ ಆಗಲಿಲ್ಲ.

ದಾರಿಯಲ್ಲಿ ಮುಳ್ಳು ಏರತೊಡಗಿದರೆ ಕೆಂಪು ಮುಟ್ಟುವ ಮೊದಲೇ ನಿಲ್ಲಿಸಿ. ಹೀಟರ್ ಇರುವ ಗಾಡಿಯಾದರೆ ಪೂರ್ತಿ ತಿರುಗಿಸಿ, ಸೆಕೆಯಾದರೂ ಸರಿ, ಅದೂ ಒಂದು ಪುಟ್ಟ ರೇಡಿಯೇಟರೇ. ಕುದಿದೇ ಹೋದರೆ ಎಂಜಿನ್ ಆರಿಸಿ ಮುಕ್ಕಾಲು ಗಂಟೆ ಮರದ ನೆರಳಲ್ಲಿ ಕೂತುಕೊಳ್ಳಿ. ಪೂರ್ತಿ ಆರಿದ ಮೇಲೆ ದಪ್ಪ ಬಟ್ಟೆ ಹಾಕಿ ಮುಚ್ಚಳವನ್ನು ಮೊದಲ ಹಲ್ಲಿನವರೆಗೆ ಮಾತ್ರ ತಿರುಗಿಸಿ, ಉಸಿರು ಬಿಡಲಿ, ಆಮೇಲೆ ತೆಗೆಯಿರಿ. ಕಾದ ಹಂಚಿಗೆ ತಣ್ಣೀರು ಎರಚಿದರೆ ಏನಾಗುತ್ತದೋ ಕಾದ ಹೆಡ್ಡಿಗೂ ಅದೇ ಆಗುತ್ತದೆ. ಆದ್ದರಿಂದ ನೀರನ್ನು ಸ್ವಲ್ಪ ಸ್ವಲ್ಪವಾಗಿಯೇ ಹಾಕಬೇಕು.

2023ರ ಯುಗಾದಿಗೆ ಮತ್ತೆ ಅದೇ ಜೀಪು, ಅದೇ ಘಟ್ಟ. ಮಗ ಸ್ಟೀರಿಂಗ್ ಹಿಡಿದಿದ್ದ, ನಮ್ಮವರು ಮಾತಿಲ್ಲದೆ ಮುಳ್ಳನ್ನೇ ನೋಡುತ್ತ ಕೂತಿದ್ದರು. ಅದು ಅರ್ಧದಿಂದ ಮೇಲೆ ಏರಲಿಲ್ಲ. ಆದರೂ ಹೋದ ವರ್ಷ ಕೆಟ್ಟು ನಿಂತ ತಿರುವಿನಲ್ಲಿ ಗಾಡಿ ನಿಲ್ಲಿಸಿ, ಬಾನೆಟ್ ತೆರೆದು, ಮುಚ್ಚಳ ಮುಟ್ಟದೆ ಒಮ್ಮೆ ನೋಡಿ, ತಂದಿದ್ದ ಪುಳಿಯೋಗರೆ ತಿಂದು ಮುಂದೆ ಹೊರಟೆವು.